ಪೆಟ್ಟಿಗೆ ಕೂಗಿತು, ಚೀಟಿ ಬಂತು. ಲೆಕ್ಕ ಎಲ್ಲಿಟ್ರಿ ಸಾವ್ಕಾರ್ರೆ?

ದಾವಣಗೆರೆ: ಮಂಡಿಪೇಟೆಯ ಯಾವ ಕಿರಾಣಿ ಅಂಗಡಿಯ ಮುಂದೆ ಹೋಗಿ ನಿಂತರೂ ಈಗ ಕಿವಿಗೆ ಬೀಳುವ ಮಾತು ಒಂದೇ.

"ಹಾಕೀನ್ರೀ ಸಾವ್ಕಾರ್ರೆ, ಬಂತೇನು ನೋಡ್ರಿ."

"ಪೆಟ್ಟಿಗಿ ಕೂಗ್ಲಿಲ್ಲಲ್ರೀ, ತಡೀರಿ ಸ್ವಲ್ಪ."

ಪೆಟ್ಟಿಗೆ ಕೂಗುತ್ತದೆ. ಇಷ್ಟು ರೂಪಾಯಿ ಬಂತು ಅನ್ನುತ್ತದೆ. ಆಮೇಲೆಯೇ ಸಕ್ಕರೆ ಪೊಟ್ಟಣ ಗಿರಾಕಿಯ ಕೈಗೆ ದಾಟುವುದು. ಯುಪಿಐ ಎಂಬ ವ್ಯವಹಾರ ದೇಶದಲ್ಲಿ ಶುರುವಾದದ್ದೇ 2016ರಲ್ಲಿ. ಇಷ್ಟರೊಳಗೆ ಚೌಕಿಪೇಟೆಯ ಜವಳಿ ಅಂಗಡಿಯಿಂದ ಹಿಡಿದು ಪಿ.ಬಿ. ರಸ್ತೆಯ ಮಂಡಕ್ಕಿ ಗಾಡಿಯ ತನಕ ಈ ಪೆಟ್ಟಿಗೆ ಬಂದು ಕೂತಿದೆ. ಪಕ್ಕದಲ್ಲಿ ಕರೆಂಟಿನ ತಕ್ಕಡಿ, ಅದರ ಪಕ್ಕ ಬಿಲ್ಲು ಹೊಡೆಯುವ ಪುಟ್ಟ ಪ್ರಿಂಟರು, ಗಲ್ಲಾದ ಕೆಳಗೆ ಕಾಲಿಗೆ ತಾಗುವ ಹಾಗೆ ಒಂದು ಕಂಪ್ಯೂಟರ್ ಡಬ್ಬಿ. ಇಷ್ಟೂ ಸೇರಿದರೆ ಈಗಿನ ಅಂಗಡಿ.

ಕಂಪ್ಯೂಟರಿಗೆ ಸಂಬಂಧಪಟ್ಟ ಸಾಮಾನು ನೂರೆಂಟು ಇರಬಹುದು. ಮಧ್ಯೆ ಕೂತು ಕೂಡಿ ಕಳೆಯುವ ಮಿದುಳೊಂದನ್ನು ಬಿಟ್ಟರೆ ಉಳಿದವೆಲ್ಲ ಮೂರೇ ಜಾತಿ. ಹೊರಗಿನ ಸಂಗತಿಯನ್ನು ಒಳಗೆ ತೆಗೆದುಕೊಳ್ಳುವುದು ಒಂದು, ಒಳಗಿನದನ್ನು ಹೊರಗೆ ಹೇಳುವುದು ಇನ್ನೊಂದು, ನೆನಪಿಟ್ಟುಕೊಳ್ಳುವುದು ಮೂರನೆಯದು. ತಾತನ ಕಾಲದ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕ ಈ ಮೂರನ್ನೂ ಒಂದೇ ಮೈಯಲ್ಲಿ ಮಾಡುತ್ತಿತ್ತು. ಬರೆದರೆ ಒಳಗೆ ಹೋಯಿತು, ತೆರೆದರೆ ಹೊರಗೆ ಬಂತು, ಮುಚ್ಚಿಟ್ಟರೆ ಅಲ್ಲೇ ಉಳಿಯಿತು. ದೀಪಾವಳಿಗೆ ಅದಕ್ಕೆ ಪೂಜೆಯೂ ಆಗುತ್ತಿತ್ತು. ಈಗಲೂ ಪೂಜೆ ತಪ್ಪಿಲ್ಲ, ಆದರೆ ಅರಿಶಿನ ಕುಂಕುಮ ಬೀಳುವುದು ಮಾನಿಟರಿನ ಹಣೆಗೆ. ಲೆಕ್ಕ ಇರುವುದು ಕಾಲ ಬಳಿಯ ಡಬ್ಬಿಯಲ್ಲಿ!

ತಗೊಳ್ಳುವ ಸಾಮಾನಿಗೆ ತಪಾಸಣೆ ಉಂಟು

ತಕ್ಕಡಿಯ ತಟ್ಟೆಯ ಕೆಳಗೆ ಲೋಹದ ಒಂದು ತುಂಡಿದೆ. ಭಾರ ಬಿದ್ದರೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗುವಿಕೆಯನ್ನೇ ವಿದ್ಯುತ್ತಾಗಿ ಅಳೆದು ಅಂಕಿ ತೋರಿಸುತ್ತಾರೆ. ಇದು ಕೆಟ್ಟರೆ ಗಿರಾಕಿಗೆ ಮೋಸ. ಅದಕ್ಕೇ ಸರಕಾರದ ತೂಕ ಅಳತೆಯವರು ಬಂದು ನೋಡಿ ಮುದ್ರೆ ಹಾಕುತ್ತಾರೆ.

ಸಾಬೂನಿನ ಮೇಲಿನ ಕಪ್ಪು ಗೆರೆಗಳನ್ನು ಕೆಂಪು ಬೆಳಕು ತೋರಿಸಿ ಓದುತ್ತಾರಲ್ಲ, ಆ ಬಾರ್‌ಕೋಡ್ ಅಂಗಡಿಯ ಗಲ್ಲಾದಲ್ಲಿ ಮೊದಲ ಸಲ ಓದಿಸಿಕೊಂಡದ್ದು 1974ರ ಜೂನ್ 26ರಂದು, ಅಮೆರಿಕದ ಒಹಾಯೋ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ. ಓದಿದ ಸಾಮಾನು ಒಂದು ಚೂಯಿಂಗ್ ಗಮ್ ಪೊಟ್ಟಣ. ಯುಪಿಐನ ಚೌಕಳಿ ಚಿತ್ರ, ಅಂದರೆ ಕ್ಯೂಆರ್ ಕೋಡ್, 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯಲ್ಲಿ ಹುಟ್ಟಿತು. ಮೋಟಾರು ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ್ದು ಈಗ ಕೊತ್ತಂಬರಿ ಸೊಪ್ಪಿನ ಲೆಕ್ಕಕ್ಕೆ ಬಂದಿದೆ.

ಈ ಚೌಕಳಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ದುಡ್ಡು ಇದರೊಳಗೇ ಹೋಗುತ್ತದೆ ಎಂದು ತಿಳಿದವರು ಬೇಕಾದಷ್ಟು ಮಂದಿ. ಅದು ಗೋಡೆಗೆ ಅಂಟಿಸಿದ ವಿಳಾಸದ ಚೀಟಿ, ಅಷ್ಟೇ. ಓದುವ ಕಣ್ಣು ಗಿರಾಕಿಯ ಫೋನಿನ ಕ್ಯಾಮೆರಾ. ಆದ್ದರಿಂದಲೇ ಯಾವನಾದರೂ ಕಿಡಿಗೇಡಿ ರಾತ್ರಿ ಬಂದು ಅದರ ಮೇಲೆ ತನ್ನ ಚೌಕಳಿ ಅಂಟಿಸಿ ಹೋದರೆ ಬೆಳಗಿನ ವ್ಯಾಪಾರ ಪೂರಾ ಅವನ ಮನೆಗೆ. ಬಾಗಿಲು ತೆರೆದಾಗ ಮೊದಲ ವ್ಯಾಪಾರಕ್ಕೆ ಪೆಟ್ಟಿಗೆ ಕೂಗಿತೇ ಎಂದು ಕಿವಿಗೊಡುವವನು ಜಾಣ. ಆ ಪೆಟ್ಟಿಗೆಯೊಳಗೆ ಸಿಮ್ ಒಂದಿದೆ. ದೂರದ ಕಂಪ್ಯೂಟರಿನಿಂದ ಬಂದ ಸುದ್ದಿಯನ್ನು ಅದು ಕೂಗುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಮೌನ.

ಚೀಟಿಯ ಆಯುಸ್ಸು

ಇನ್ನು ಹೊರಗೆ ಹೇಳುವ ಸಾಮಾನಿಗೆ ಬಂದರೆ, ಅಂಗಡಿಯ ಬಿಲ್ಲೂ ಬಸ್ಸಿನ ಟಿಕೆಟ್ಟೂ ಒಂದೇ ಜಾತಿ ಕಾಗದ. ಈ ಪ್ರಿಂಟರಿಗೆ ಶಾಯಿ ಇಲ್ಲ, ರಿಬ್ಬನ್ ಇಲ್ಲ. ಕಾಗದದ ಮೇಲೆಯೇ ಮದ್ದು ಸವರಿರುತ್ತಾರೆ. ಪ್ರಿಂಟರಿನ ಬಿಸಿ ಮೊನೆ ತಾಗಿದ ಕಡೆ ಅದು ಕಪ್ಪಾಗುತ್ತದೆ, ಅದೇ ಅಕ್ಷರ. ಬಿಸಿಯಿಂದ ಹುಟ್ಟಿದ ಅಕ್ಷರಕ್ಕೆ ಬಿಸಿಯೇ ಶತ್ರು. ಬಿಸಿಲಿಗೆ ನಿಂತ ಕಾರಿನ ಗಾಜಿನ ಬಳಿ ಇಟ್ಟ ಚೀಟಿ ಕಪ್ಪುಗಟ್ಟಿತು ಎಂದರೆ ಇದೇ ಕಾರಣ. ಬೆಳಕು, ಎಣ್ಣೆ ಕೈ, ಕೈಗೆ ಹಚ್ಚುವ ಸ್ಯಾನಿಟೈಸರ್ ತಾಗಿದರೆ ಅಕ್ಷರ ಮಾಸುತ್ತದೆ. ಕೆಲವು ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿ ಇಟ್ಟರೂ ಮಾಸುತ್ತದೆ!

ಬಸ್ ಟಿಕೆಟ್ ಮಾಸಿದರೆ ನಷ್ಟವಿಲ್ಲ, ಊರು ಬಂದ ಮೇಲೆ ಅದರ ಕೆಲಸ ಮುಗಿಯಿತು. ಮಿಕ್ಸಿಯ ಬಿಲ್ಲು ಹಾಗಲ್ಲ. ವಾರಂಟಿ ಎರಡು ವರ್ಷ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಕಾನೂನು ಕೊಟ್ಟಿರುವ ಅವಧಿಯೂ, ತಕರಾರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ಅಷ್ಟರಲ್ಲಿ ಬೀರುವಿನಲ್ಲಿಟ್ಟ ಬಿಲ್ಲು ಬಿಳಿ ಹಾಳೆ ಆಗಿದ್ದರೆ ಗಿರಾಕಿ ಏನು ತೋರಿಸಬೇಕು? ತಂದ ದಿನವೇ ಒಂದು ಜೆರಾಕ್ಸ್ ಮಾಡಿಸಿ ಇಡುವುದು ಮೇಲು. ಟರ್ರ್ ಎಂದು ಸದ್ದು ಮಾಡುತ್ತಾ ಅಡಿಯಲ್ಲಿ ಕಾರ್ಬನ್ ಪ್ರತಿಯನ್ನೂ ಕೊಡುವ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಕೆಲವು ಮಂಡಿ ವರ್ತಕರು ಇನ್ನೂ ಬಿಟ್ಟಿಲ್ಲ. ಅವರನ್ನು ನೋಡಿ ನಗುವ ಕಾರಣವಿಲ್ಲ.

ಬಸ್ಸಿನ ಮಾತು ಬಂದದ್ದಕ್ಕೆ ಒಂದು ಸ್ವಾರಸ್ಯ. ತೂತು ಹೊಡೆದ ಕಾರ್ಡಿನಿಂದ ಯಂತ್ರಕ್ಕೆ ಲೆಕ್ಕ ಉಣಿಸುವ ಉಪಾಯವನ್ನು ಹರ್ಮನ್ ಹಾಲರಿತ್ ಎಂಬ ಅಮೆರಿಕದ ಎಂಜಿನಿಯರು ಅಲ್ಲಿನ 1890ರ ಜನಗಣತಿಗೆ ಬಳಸಿದ. ಅದಕ್ಕೆ ಪ್ರೇರಣೆ ರೈಲಿನ ಕಂಡಕ್ಟರು! ಟಿಕೆಟ್ ಕದ್ದು ಇನ್ನೊಬ್ಬ ಪ್ರಯಾಣ ಮಾಡದಿರಲಿ ಎಂದು ಪ್ರಯಾಣಿಕನ ಕೂದಲ ಬಣ್ಣ, ಕಣ್ಣಿನ ಬಣ್ಣ ಎಲ್ಲವನ್ನೂ ಕಂಡಕ್ಟರು ಟಿಕೆಟ್ಟಿನಲ್ಲಿ ತೂತು ಹೊಡೆದು ಗುರುತು ಮಾಡುತ್ತಿದ್ದುದನ್ನು ಆತ ಕಂಡಿದ್ದ. ನಮ್ಮ ಬಸ್ಸುಗಳಲ್ಲಿ ಬಣ್ಣದ ಟಿಕೆಟ್ ಹರಿದು ಟಕ್ ಎಂದು ಪಂಚ್ ಮಾಡುತ್ತಿದ್ದ ಕಂಡಕ್ಟರಣ್ಣನಿಗೆ ತಾನು ಕಂಪ್ಯೂಟರಿನ ಅಜ್ಜನ ಕಡೆಯ ನೆಂಟ ಎಂದು ಯಾರೂ ಹೇಳಿರಲಿಕ್ಕಿಲ್ಲ.

ಈಗ ಅವರ ಕೈಯಲ್ಲಿರುವ ಯಂತ್ರದಲ್ಲಿ ಮೂರೂ ಕೆಲಸ ಇವೆ. ಗುಂಡಿ ಒತ್ತಿದರೆ ಒಳಗೆ, ಚೀಟಿ ಹೊರಗೆ, ಲೆಕ್ಕ ಹೊಟ್ಟೆಯಲ್ಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ ಬಂತು. "ದುಡ್ಡೇ ಇಲ್ಲ ಅಂದಮ್ಯಾಲೆ ಚೀಟಿ ಯಾಕ್ರೀ ಅಣ್ಣಾ?" ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಆ ಶೂನ್ಯ ಟಿಕೆಟ್ಟಿನ ಕಾಗದ ನೆಪ ಮಾತ್ರ. ಯಂತ್ರದ ಹೊಟ್ಟೆಯಲ್ಲಿ ಉಳಿಯುವ ದಾಖಲೆ ಮುಖ್ಯ, ಯಾಕೆಂದರೆ ಸರಕಾರ ಸಾರಿಗೆ ನಿಗಮಕ್ಕೆ ದುಡ್ಡು ತುಂಬಿಕೊಡುವುದು ಆ ಲೆಕ್ಕದ ಮೇಲೆ. ಚೀಟಿ ಕಿಟಕಿಯಿಂದ ಹಾರಿಹೋದರೂ ನಿಗಮ ನಿಶ್ಚಿಂತೆ. ಅಂಗಡಿಯವರು ಹೀಗೆ ನಿಶ್ಚಿಂತೆಯಿಂದ ಇರಬಹುದೇ?

ದೂರದ ನೆನಪು, ಹತ್ತಿರದ ಮರೆವು

2025ರ ಜುಲೈ ತಿಂಗಳನ್ನು ರಾಜ್ಯದ ಸಣ್ಣ ವರ್ತಕರು ಮರೆತಿಲ್ಲ. 2021-22ರಿಂದ 2024-25ರ ವರೆಗೆ ಯುಪಿಐ ಮೂಲಕ ಬಂದ ಜಮೆಗಳ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಮಂದಿಗೆ ನೋಟಿಸು ಕೊಟ್ಟಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು ನಿಯಮ. ಹಾಲು ತರಕಾರಿಯವರಿಗೂ ನೋಟಿಸು ಹೋಯಿತು. ಬೆಂಗಳೂರಿನಲ್ಲಿ ಚೌಕಳಿ ಕಿತ್ತು "ನಗದು ಮಾತ್ರ" ಎಂಬ ಬೋರ್ಡು ತೂಗುಹಾಕಿದರು. ಜುಲೈ 25ಕ್ಕೆ ಬಂದ್ ಎಂದೂ ಆಯಿತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರನ್ನು ಕರೆದು, ನೋಂದಣಿ ಮಾಡಿಸಿಕೊಳ್ಳಿ, ಹಳೇ ಬಾಕಿಗೆ ಬೆನ್ನು ಹತ್ತುವುದಿಲ್ಲ ಎಂದ ಮೇಲೆ ಗಲಾಟೆ ತಣ್ಣಗಾಯಿತು.

ತೆರಿಗೆ ನ್ಯಾಯವೋ ಅನ್ಯಾಯವೋ ಎಂಬುದು ಬೇರೆ ಪಂಚಾಯಿತಿ. ಇಲ್ಲಿ ನೋಡಬೇಕಾದದ್ದು ನೆನಪು ಯಾರ ಬಳಿ ಇತ್ತು ಎಂಬುದನ್ನು. ಪೆಟ್ಟಿಗೆ ಕೂಗಿ ಸುಮ್ಮನಾಯಿತು, ಅಂಗಡಿಯವನು ಮರೆತ. ದೂರದ ಕಂಪ್ಯೂಟರು ನಾಲ್ಕು ವರ್ಷದ್ದನ್ನೂ ಪೈಸೆ ಬಿಡದೆ ಇಟ್ಟುಕೊಂಡಿತ್ತು. ಆದರೆ ಅದಕ್ಕೆ ಗೊತ್ತಿರುವುದು ಮೊತ್ತ ಮಾತ್ರ. ಬಂದದ್ದು ಬೇಳೆಯ ದುಡ್ಡೋ, ತೆರಿಗೆ ಇಲ್ಲದ ಸೊಪ್ಪಿನ ದುಡ್ಡೋ, ಭಾವಮೈದ ಕಳಿಸಿದ ಕೈಸಾಲವೋ ಅದಕ್ಕೆ ತಿಳಿಯದು. ಅದನ್ನು ಹೇಳಬೇಕಾದ್ದು ಅಂಗಡಿಯ ಸ್ವಂತ ಲೆಕ್ಕ. ನೋಟಿಸಿಗೆ ಉತ್ತರ ಬರೆಯಲು ಕೂತಾಗ ಅದು ಕೈಯಲ್ಲಿ ಇಲ್ಲದಿದ್ದರೆ ಆಡಿಟರ್ ತಾನೇ ಏನು ಮಾಡಿಯಾರು?

ಇದ್ದವರ ಪಾಡೂ ಗಟ್ಟಿ ಎನ್ನುವಂತಿಲ್ಲ. ಕಾಲ ಬಳಿಯ ಡಬ್ಬಿಯಲ್ಲಿ ಹಾರ್ಡ್ ಡಿಸ್ಕ್ ಎಂಬುದಿದ್ದರೆ ಅದರ ಒಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 5400 ಇಲ್ಲವೆ 7200 ಸುತ್ತು ತಿರುಗುತ್ತಿರುತ್ತವೆ. ಮನೆಯ ಸೀಲಿಂಗ್ ಫ್ಯಾನು ಜೋರಾಗಿ ತಿರುಗಿದರೂ ನಾನೂರು ಸುತ್ತಿನ ಆಸುಪಾಸು. ಆ ತಟ್ಟೆಯ ಮೇಲೆ ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾದ ಸಂದು ಬಿಟ್ಟು ಒಂದು ಮೊನೆ ತೇಲುತ್ತಾ ಅಯಸ್ಕಾಂತದ ಗುರುತು ಬರೆಯುತ್ತದೆ, ಓದುತ್ತದೆ. ಓಡುತ್ತಿರುವಾಗ ಅಕ್ಕಿ ಮೂಟೆ ಬಂದು ಡಬ್ಬಿಗೆ ಗುದ್ದಿದರೆ, ಬರೆಯುತ್ತಿರುವಾಗಲೇ ಕರೆಂಟು ಫಕ್ಕನೆ ಹೋದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಇಂಥ ಡಿಸ್ಕಿನ ಮೊದಲನೆಯದನ್ನು ಐಬಿಎಂ ಕಂಪನಿ 1956ರಲ್ಲಿ ತಂದಾಗ ಎರಡಡಿ ಅಗಲದ 50 ತಟ್ಟೆ, ಸುಮಾರು ಒಂದು ಟನ್ ತೂಕ. ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಇವತ್ತಿನ ಫೋನಿನ ಒಂದೆರಡು ಫೋಟೋಕ್ಕೆ ಅದು ಸಾಲದು.

ಈಗ ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಬಂದಿದೆ. ಪೆನ್ ಡ್ರೈವೂ ಅದೇ ಕುಲ. ಕಣ್ಣಿಗೆ ಕಾಣದ ಗೂಡುಗಳಲ್ಲಿ ವಿದ್ಯುತ್ತನ್ನು ಕೂಡಿಟ್ಟು ಅದನ್ನೇ ಅಕ್ಷರವಾಗಿ ಓದುವ ಏರ್ಪಾಡು. ಗುದ್ದಿದರೆ ಚಿಂತೆಯಿಲ್ಲ, ವೇಗವೂ ಹೆಚ್ಚು. ಆದರೆ ಒಂದೊಂದು ಗೂಡಿಗೂ ಇಷ್ಟು ಸಲ ಮಾತ್ರ ಬರೆಯಬಹುದು ಎಂಬ ಮಿತಿ ಉಂಟು. ವರ್ಷಗಟ್ಟಲೆ ಕರೆಂಟು ಕಾಣದೆ ಡ್ರಾಯರಿನಲ್ಲಿ ಬಿದ್ದರೆ ಕೂಡಿಟ್ಟದ್ದು ನಿಧಾನವಾಗಿ ಸೋರುತ್ತದೆ. ಮಗಳ ಮದುವೆಯ ಫೋಟೋ, ಅಂಗಡಿಯ ಐದು ವರ್ಷದ ಲೆಕ್ಕ ಎರಡನ್ನೂ ಒಂದೇ ಪೆನ್ ಡ್ರೈವಿಗೆ ತುಂಬಿ ಕೀಲಿ ಗೊಂಚಲಿಗೆ ಸಿಕ್ಕಿಸಿಕೊಂಡು ಓಡಾಡುವವರ ಧೈರ್ಯ ದೊಡ್ಡದು.

ಸಾಮಾನು ಗಟ್ಟಿಯಾಗಿದ್ದರೂ ಓದುವ ಯಂತ್ರ ಮಾಯವಾಗುವುದುಂಟು. ತೊಂಬತ್ತರ ದಶಕದಲ್ಲಿ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆಯಿಂದ ಸಂಘದ ವರದಿಯ ತನಕ ಎಲ್ಲವೂ ಇದ್ದದ್ದು 1.44 ಎಂಬಿಯ ಚೌಕ ಫ್ಲಾಪಿಯಲ್ಲಿ. ಸೋನಿ ಕಂಪನಿ 2011ರಲ್ಲಿ ಅದರ ಮಾರಾಟ ನಿಲ್ಲಿಸಿತು. ಇಂದು ಹಳೇ ಫ್ಲಾಪಿ ಹಿಡಿದು ಊರೆಲ್ಲ ಸುತ್ತಿದರೂ ತೂರಿಸಲು ಸಂದು ಸಿಗುವುದು ಕಷ್ಟ. ತಾತನ ಪುಸ್ತಕಕ್ಕೆ ಗೆದ್ದಲು ಹತ್ತಬಹುದಿತ್ತು, ಓದಲು ಮಾತ್ರ ಕಣ್ಣು ಸಾಕಿತ್ತು.

ಎರಡನೇ ಪ್ರತಿ ಎಲ್ಲಿ?

ತಕ್ಕಡಿ ನೋಡಲು ಇನ್ಸ್‌ಪೆಕ್ಟರ್ ಬರುತ್ತಾರೆ. ಪೆಟ್ಟಿಗೆ ಕೂಗದಿದ್ದರೆ ಅರ್ಧ ಗಂಟೆಯಲ್ಲಿ ಕಂಪನಿಗೆ ಫೋನು ಹೋಗುತ್ತದೆ. ಪ್ರಿಂಟರಿನ ಕಾಗದ ಮುಗಿದರೆ ಹುಡುಗ ಓಡುತ್ತಾನೆ. ನೆನಪಿನ ಡಬ್ಬಿ ಮಾತ್ರ ಸಾಯುವ ದಿನದ ತನಕ ಯಾರನ್ನೂ ಕರೆಯುವುದಿಲ್ಲ. ಸತ್ತ ಡಿಸ್ಕಿನಿಂದ ಲೆಕ್ಕ ಎತ್ತಿಕೊಡುವವರು ಇದ್ದಾರೆ, ನಿಜ. ಅವರು ಕೇಳುವ ದುಡ್ಡು ಹೊಸ ಡಿಸ್ಕಿನ ಬೆಲೆಯನ್ನು ಎಷ್ಟೋ ಮೀರುತ್ತದೆ, ಬಂದೀತೆಂಬ ಭರವಸೆಯೂ ಇಲ್ಲ.

"ಎರಡು ಕಡೆ ಕಾಪಿ ಐತ್ರೀ, ಸಿ ಡ್ರೈವ್‌ನಾಗೊಂದು, ಡಿ ಡ್ರೈವ್‌ನಾಗೊಂದು" ಎನ್ನುವವರಿದ್ದಾರೆ. ಬಹುಪಾಲು ಅಂಗಡಿಗಳಲ್ಲಿ ಎರಡೂ ಒಂದೇ ಡಿಸ್ಕಿನ ಎರಡು ಕೋಣೆ. ಮನೆಗೆ ಬೆಂಕಿ ಬಿದ್ದರೆ ಅಡುಗೆಮನೆಯಲ್ಲೊಂದು ದೇವರಮನೆಯಲ್ಲೊಂದು ಇಟ್ಟ ಚಿನ್ನದ ಗತಿಯೇ ಇದಕ್ಕೂ. ಎರಡನೇ ಪ್ರತಿ ಬೇರೆ ಡಿಸ್ಕಿನಲ್ಲಿರಬೇಕು, ಅದು ಅಂಗಡಿಯಲ್ಲಿ ಇರದೆ ಮನೆಯಲ್ಲಿರಬೇಕು, ಪ್ರತಿ ತೆಗೆದಾದ ಮೇಲೆ ವೈರು ಕಳಚಿರಬೇಕು. ಕಡತಗಳಿಗೆ ಬೀಗ ಜಡಿದು ದುಡ್ಡು ಕೇಳುವ ವೈರಸ್ಸುಗಳು ಬಂದ ಮೇಲೆ ಈ ಕೊನೆಯದು ಬಹಳ ಮುಖ್ಯ. ವಾರಕ್ಕೊಮ್ಮೆ ಅಂಗಡಿ ಬಾಗಿಲು ಹಾಕುವ ಮುಂಚೆ ಮಾಡುವ ಹತ್ತು ನಿಮಿಷದ ಕೆಲಸ. ತಿಂಗಳಿಗೊಮ್ಮೆ ಆ ಪ್ರತಿಯನ್ನು ತೆರೆದೂ ನೋಡಬೇಕು. ತೆರೆಯದ ಪ್ರತಿ ಇದ್ದೂ ಇಲ್ಲದ ಹಾಗೆ.

ನೋಂದಾಯಿತ ವರ್ತಕರಿಗೆ ಇದು ಬರೀ ಜಾಗ್ರತೆಯ ಮಾತಲ್ಲ, ಕಾನೂನಿನ ಮಾತು. ಜಿಎಸ್‌ಟಿ ಕಾಯಿದೆಯ 36ನೇ ಸೆಕ್ಷನ್ ಪ್ರಕಾರ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳ ತನಕ ಲೆಕ್ಕ ಇಟ್ಟಿರಬೇಕು. 2023-24ನೇ ಸಾಲಿನ ರಿಟರ್ನಿಗೆ ಕೊನೆಯ ದಿನ 2024ರ ಡಿಸೆಂಬರ್ 31. ಅಂದರೆ ಆ ವರ್ಷದ ಲೆಕ್ಕ 2030ರ ಡಿಸೆಂಬರ್ 31ರ ವರೆಗೆ ಜೀವಂತ ಇರಬೇಕು. ಸಾಮಾನ್ಯ ಡಿಸ್ಕಿಗೆ ಕಂಪನಿಯವರು ಕೊಡುವ ವಾರಂಟಿ ಎರಡೋ ಮೂರೋ ವರ್ಷ.

ಅಷ್ಟರೊಳಗೆ ಒಂದು ಸಲವಾದರೂ ಡಿಸ್ಕ್ ಬದಲಾಗುತ್ತದೆ. ಆ ದಿನ ಹಳೆಯದನ್ನು ಹಾಗೇ ಗುಜರಿಗೆ ಹಾಕಬೇಡಿ. ಅಳಿಸಿದ್ದೇವೆ ಎಂದುಕೊಂಡರೂ ಗಿರಾಕಿಗಳ ಫೋನ್ ನಂಬರು, ಯಾರ ಉದ್ರಿ ಎಷ್ಟು ಎಂಬುದೆಲ್ಲ ಬಲ್ಲವರ ಕೈಗೆ ಸಿಕ್ಕರೆ ಮತ್ತೆ ಏಳುತ್ತದೆ. ಹೊಸದರಲ್ಲಿ ಲೆಕ್ಕ ತೆರೆದು ಸರಿಯಿದೆಯೇ ಎಂದು ನೋಡಿಕೊಂಡ ಮೇಲೆ, ಹಳೆಯದಕ್ಕೆ ಸುತ್ತಿಗೆಯಿಂದ ನಾಲ್ಕು ಏಟು ಹಾಕಿಯೇ ಹೊರಗೆ ಕೊಡಬೇಕು.