ಲಿಫ್ಟಿನ ಮೇಲಿನ ಕಾರು, ಅದರಡಿಯ ಎತ್ತರದ ಸ್ಟ್ಯಾಂಡು: ತಪ್ಪು ಕಲ್ಪನೆ ಮತ್ತು ಸತ್ಯ

ಎರಡು ಕಂಬಗಳಿಂದ ಚಾಚಿದ ನಾಲ್ಕು ತೋಳುಗಳ ಮೇಲೆ ಕಾರನ್ನು ಆಳೆತ್ತರಕ್ಕೆ ಎತ್ತಿ ಹಿಡಿಯುವ ಲಿಫ್ಟು ಗ್ಯಾರೇಜುಗಳಲ್ಲಿ ಬಳಕೆಗೆ ಬಂದಂತೆ, ಅದರ ಜೊತೆಗಾರನಾದ ಎತ್ತರದ ಜಾಕ್ ಸ್ಟ್ಯಾಂಡಿನ ಕುರಿತೂ ಕೆಲವು ತಪ್ಪು ನಂಬಿಕೆಗಳು ಬೇರೂರಿವೆ. ಇವುಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದು, ಈ ಸ್ಟ್ಯಾಂಡು ಚಕ್ರ ಬಿಚ್ಚುವಾಗ ಬಳಸುವ ಗಿಡ್ಡ ಸ್ಟ್ಯಾಂಡಿನದೇ ದೊಡ್ಡ ರೂಪವಾಗಿದ್ದು, ಲಿಫ್ಟು ಕೈಕೊಟ್ಟರೂ ಕಾರು ಇದರ ಮೇಲೆ ನಿಲ್ಲುತ್ತದೆ ಎಂಬ ಭಾವನೆ.

ವಾಸ್ತವದಲ್ಲಿ ಕಾರಿನ ಭಾರ ಹೊರುವುದು ಲಿಫ್ಟು ಮತ್ತು ಅದರ ಯಾಂತ್ರಿಕ ಲಾಕು, ಅಂದರೆ ಹೈಡ್ರಾಲಿಕ್ ಎಣ್ಣೆಯ ಒತ್ತಡ ಕುಸಿದರೂ ತೋಳುಗಳು ಕೆಳಗಿಳಿಯದಂತೆ ತಡೆಯುವ ಉಕ್ಕಿನ ಕೊಂಡಿ. ಸ್ಟ್ಯಾಂಡಿನ ಕೆಲಸ ವಾಹನ ವಾಲದಂತೆ, ಬಿಚ್ಚಿದ ಭಾಗ ಜೋತುಬೀಳದಂತೆ ನೋಡಿಕೊಳ್ಳುವುದಷ್ಟೇ. ಇದರ ಕಾರಣ ಸರಳ ಗಣಿತದಲ್ಲಿದೆ. ತಲೆಯ ಮೇಲೆ ಭಾರ ಹೊತ್ತ ಸ್ಟ್ಯಾಂಡು ಅಡ್ಡ ನೂಕಿಗೆ ಎಷ್ಟು ಜಗ್ಗದೆ ನಿಲ್ಲುತ್ತದೆಂಬುದು ಪಾದದ ಅರ್ಧ ಅಗಲವನ್ನು ಎತ್ತರದಿಂದ ಭಾಗಿಸಿದಾಗ ಸಿಗುವ ಸಂಖ್ಯೆಯನ್ನು ಅವಲಂಬಿಸಿದ್ದು, 25 ಸೆಂ.ಮೀ. ಪಾದದ, 40 ಸೆಂ.ಮೀ. ಎತ್ತರದ ಗಿಡ್ಡ ಸ್ಟ್ಯಾಂಡನ್ನು ಉರುಳಿಸಲು ಅದು ಹೊತ್ತ ಭಾರದ ಶೇ. 31ರಷ್ಟು ಅಡ್ಡಬಲ ಬೇಕಾದರೆ, 40 ಸೆಂ.ಮೀ. ಪಾದದ, 150 ಸೆಂ.ಮೀ. ಎತ್ತರದ ಸ್ಟ್ಯಾಂಡಿಗೆ ಶೇ. 13 ಸಾಕಾಗುತ್ತದೆ. ತುಕ್ಕು ಹಿಡಿದ ಬೋಲ್ಟೊಂದನ್ನು ಉದ್ದದ ಪೈಪು ಸಿಕ್ಕಿಸಿ ಜಗ್ಗುವ ಮೆಕ್ಯಾನಿಕನ ತೋಳುಬಲವೂ ಸಣ್ಣದಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. (ಬಸ್ಸು, ಲಾರಿಗಳ ಅಚ್ಚಿನಡಿ ನಿಲ್ಲಿಸುವ, ಅಗಲ ಪಾದದ ಭಾರೀ ಸ್ಟ್ಯಾಂಡುಗಳನ್ನು ಭಾರ ಹೊರಲೆಂದೇ ರೂಪಿಸಿರುವುದರಿಂದ ಅವುಗಳ ಮಾತು ಬೇರೆ.)

ಎರಡನೆಯ ಕಲ್ಪನೆ ಸ್ಟ್ಯಾಂಡನ್ನು ಇಡುವ ಜಾಗಕ್ಕೆ ಸಂಬಂಧಿಸಿದ್ದು. ಎಂಜಿನ್ನು ಇಳಿಸುವಾಗ ಕೆಲಸ ನಡೆಯುವುದು ಮುಂಭಾಗದಲ್ಲಾದ್ದರಿಂದ ಆಸರೆಯೂ ಅಲ್ಲಿಯೇ ಬೇಕೆಂದು ಅನೇಕರು ತಿಳಿಯುತ್ತಾರೆ. ಆದರೆ ಮುಂದಿನ ಭಾರ ಹೋದ ಕೂಡಲೇ ಗುರುತ್ವ ಕೇಂದ್ರ, ಅಂದರೆ ವಾಹನದ ಒಟ್ಟು ತೂಕ ನೆಲೆಸಿದೆಯೆಂದು ಭಾವಿಸಬಹುದಾದ ಬಿಂದು, ಹಿಂದಕ್ಕೆ ಸರಿಯುವುದರಿಂದ ಕಾರು ವಾಲುವುದು ಡಿಕ್ಕಿಯ ಕಡೆಗೆ. ಮುಂದಿನ ಅಚ್ಚಿನಿಂದ ಒಂದು ಮೀಟರ್ ಹಿಂದೆ ಗುರುತ್ವ ಕೇಂದ್ರವಿರುವ 1,000 ಕಿಲೋ ತೂಕದ ಕಾರಿನಿಂದ, ಆ ಅಚ್ಚಿನ ನೇರದಲ್ಲಿ ಕುಳಿತ 180 ಕಿಲೋ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ತೆಗೆದರೆ ಆ ಬಿಂದು ಸುಮಾರು 22 ಸೆಂ.ಮೀ. ಹಿಂದಕ್ಕೆ ಸರಿಯುತ್ತದೆ. ಲಿಫ್ಟಿನ ತೋಳುಗಳನ್ನು ಹತ್ತಿರ ಹತ್ತಿರ ಇರಿಸಿದ್ದರೆ ಇಷ್ಟು ಸರಿತವೇ ಅನಾಹುತಕ್ಕೆ ದಾರಿಯಾಗಬಲ್ಲದು. ಆದ್ದರಿಂದ ಮುಂದೆ ಬಿಚ್ಚುವಾಗ ಸ್ಟ್ಯಾಂಡು ಹಿಂದೆ, ಹಿಂದಿನ ಅಚ್ಚನ್ನು ಬಿಚ್ಚುವಾಗ ಮುಂದೆ ಇರಬೇಕು, ಅದೂ ಬೋಲ್ಟು ಸಡಿಲಿಸುವ ಮೊದಲೇ.

ಹಲ್ಲಿನ ಪಟ್ಟಿಯಿರುವ ಸ್ಟ್ಯಾಂಡಿನಲ್ಲಿ "ಟಕ್" ಎಂಬ ಸದ್ದು ಕೇಳಿದರೆ ಕೊಂಡಿ ಭದ್ರವಾಗಿ ಕೂತಿತೆಂದು ನಂಬುವುದೂ ಸಲ್ಲದು. ಅಮೆರಿಕದ ಹಾರ್ಬರ್ ಫ್ರೈಟ್ ಸಂಸ್ಥೆಯು 2020ರಲ್ಲಿ ಸುಮಾರು 17 ಲಕ್ಷ ಗಿಡ್ಡ ಸ್ಟ್ಯಾಂಡುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ತಯಾರಿಕೆಯ ಅಚ್ಚುಗಳು ಸವೆದಿದ್ದರಿಂದ ಅವುಗಳ ಕೊಂಡಿ ಹಲ್ಲಿನೊಳಗೆ ಪೂರ್ತಿ ಇಳಿಯದೆ, ಭಾರ ಬಿದ್ದಾಗ ಜಾರುವ ಸಾಧ್ಯತೆಯಿತ್ತು. ಕೊಂಡಿ ಕೂತಿದೆಯೇ ಎಂಬುದನ್ನು ಕಣ್ಣಿನಿಂದ ನೋಡಿಯೇ ತಿಳಿಯಬೇಕು.

ಎತ್ತರದ ಸ್ಟ್ಯಾಂಡಿನ ತಲೆಯಲ್ಲಿ ಸಾಮಾನ್ಯವಾಗಿ ತಿರುಗಿಸುವ ಸ್ಕ್ರೂ ಇರುತ್ತದೆ. ಅದನ್ನು ಬಿಗಿಗೊಳಿಸಿದಷ್ಟೂ ಭದ್ರತೆ ಹೆಚ್ಚೆಂಬುದು ಇನ್ನೊಂದು ತಪ್ಪು. ಅತಿಯಾಗಿ ಬಿಗಿದಾಗ ಕಾರು ಆ ತುದಿಯಲ್ಲಿ ಮೇಲೆದ್ದು, ಲಿಫ್ಟಿನ ತೋಳಿನ ರಬ್ಬರ್ ಪ್ಯಾಡಿನ ಮೇಲಿನ ಹಿಡಿತವೇ ಸಡಿಲವಾಗುತ್ತದೆ. ಸ್ಟ್ಯಾಂಡಿನ ತಲೆ ಗಟ್ಟಿ ಭಾಗವೊಂದಕ್ಕೆ ತಾಗಿ, ಅಲುಗಾಡದಂತೆ ನಿಂತರೆ ಸಾಕು. ಕೆಲಸ ಮುಗಿದ ಬಳಿಕ ಸ್ಟ್ಯಾಂಡನ್ನು ಮರೆತು ಲಿಫ್ಟನ್ನು ಇಳಿಸಿದರೂ ಇದೇ ಅಪಾಯ ಎದುರಾಗುತ್ತದೆ, ಏಕೆಂದರೆ ತೋಳುಗಳು ಕೆಳಗೆ ಹೋಗುತ್ತಿರುವಾಗ ಕಾರಿನ ಒಂದು ತುದಿ ಮಾತ್ರ ಮೇಲೆಯೇ ಉಳಿದು, ವಾಹನ ತೋಳುಗಳಿಂದ ಜಾರುತ್ತದೆ. ಹಾಗಾಗಿ ಇಳಿಸುವ ಗುಂಡಿ ಒತ್ತುವ ಮುನ್ನ ಕಾರಿನ ಸುತ್ತ ಒಮ್ಮೆ ನಡೆದು ಅಡಿಭಾಗ ಖಾಲಿಯಿದೆಯೆಂದು ಖಚಿತಪಡಿಸಿಕೊಳ್ಳುವುದು ಲಿಫ್ಟು ನಡೆಸುವವನದೇ ಹೊಣೆ.