ಲ್ಯಾಪ್‌ಟಾಪ್‌ಗೆ ಮೂರು ವರ್ಷದ ವಾರಂಟಿ: ಬೇಕೆ, ಬೇಡವೆ?

ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ ಸಂಭ್ರಮ. ಅವಳನ್ನು ಕರೆದುಕೊಂಡು ಲ್ಯಾಪ್‌ಟಾಪ್ ಕೊಳ್ಳಲು ಹೋಗಿದ್ದೆ. ಎರಡು ತಾಸು ನೋಡಿ, ಚೌಕಾಸಿ ಮಾಡಿ, 55,000 ರೂಪಾಯಿಗೆ ಒಂದನ್ನು ಒಪ್ಪಿಕೊಂಡೆವು. ಬಿಲ್ಲು ಬರೆಯುವ ಹೊತ್ತಿಗೆ ಅಂಗಡಿಯ ಹುಡುಗ ಮೆಲ್ಲಗೆ ಒಂದು ಕರಪತ್ರ ಮುಂದಿಟ್ಟ.

‘ಸಾರ್, ಇದಕ್ಕೆ ವಾರಂಟಿ ಒಂದೇ ವರ್ಷ. ಇನ್ನೊಂದು 6,000 ಕೊಟ್ಟುಬಿಡಿ, ಮೂರು ವರ್ಷ ನಿಶ್ಚಿಂತೆ. ಏನೇ ಆಗ್ಲಿ, ನಾವು ನೋಡ್ಕೋತೀವಿ.’

ಮಗಳು ನನ್ನ ಮುಖ ನೋಡಿದಳು. ಆನೆ ಕೊಂಡ ಮೇಲೆ ಅಂಕುಶಕ್ಕೇಕೆ ಚೌಕಾಸಿ ಎಂದುಕೊಂಡು ಹಣ ಎಣಿಸಿ ಕೊಟ್ಟೆ.

ಒಂದೂವರೆ ವರ್ಷ ಕಳೆದಿರಬೇಕು. ಹಾಸ್ಟೆಲಿನ ಮಂಚದ ಮೇಲಿಂದ ಲ್ಯಾಪ್‌ಟಾಪ್ ಜಾರಿ ಬಿತ್ತು, ಪರದೆ ಒಡೆಯಿತು. ಪರೀಕ್ಷೆಗೆ ಉಳಿದಿದ್ದುದು ಹತ್ತೇ ದಿನ. ‘ಬಿದ್ದು ಒಡೆದದ್ದು ಇದರಲ್ಲಿ ಬರೋದಿಲ್ಲ ಸಾರ್’ ಎಂದರು ಸರ್ವಿಸ್ ಸೆಂಟರಿನವರು. ಕರಪತ್ರದ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅದು ಅಚ್ಚಾಗಿಯೇ ಇತ್ತು. ಓದದೆ ಸಹಿ ಹಾಕಿದವನು ನಾನು. 9,000 ರೂಪಾಯಿ ತೆತ್ತು ಪರದೆ ಹಾಕಿಸಿದೆ.

ನಮ್ಮ ಪಕ್ಕದ ಮನೆಯವರ ಅನುಭವ ಬೇರೆ. ಅವರು ತಯಾರಕರಿಂದಲೇ ಇಂಥದೊಂದು ಯೋಜನೆ ಕೊಂಡಿದ್ದರು. 20ನೇ ತಿಂಗಳಲ್ಲಿ ಮದರ್‌ಬೋರ್ಡ್ ಕೆಟ್ಟಿತು. ಒಂದು ಪೈಸೆಯೂ ಖರ್ಚಿಲ್ಲದೆ ಹೊಸದು ಬಂತು. ಹಾಗಾದರೆ ಈ ‘ವಿಸ್ತರಿತ ವಾರಂಟಿ’ಯನ್ನು ಕೊಳ್ಳಬೇಕೆ, ಬೇಡವೆ? ಪ್ರತಿ ವರ್ಷ ಕಾಲೇಜು ಶುರುವಾಗುವ ಹೊತ್ತಿಗೆ ಎಷ್ಟೋ ತಂದೆತಾಯಿಗಳು ಅಂಗಡಿಯ ಕಟ್ಟೆಯ ಮುಂದೆ ನಿಂತು ಎದುರಿಸುವ ಪ್ರಶ್ನೆ ಇದು.

ಏನು ಸೇರಿದೆ, ಏನು ಸೇರಿಲ್ಲ?

ಮೊದಲು ತಿಳಿಯಬೇಕಾದದ್ದು, ವಾರಂಟಿ ಬೇರೆ, ಅಪಘಾತದ ರಕ್ಷಣೆ ಬೇರೆ. ಯಂತ್ರ ತನ್ನಷ್ಟಕ್ಕೆ ತಾನೇ ಕೆಟ್ಟರೆ ಸರಿಪಡಿಸಿ ಕೊಡುವುದು ವಾರಂಟಿಯ ಕೆಲಸ. ಕೈಜಾರಿ ಬೀಳುವುದು, ಕಾಫಿ ಚೆಲ್ಲುವುದು ಸಾಮಾನ್ಯವಾಗಿ ಇದರಲ್ಲಿ ಸೇರುವುದಿಲ್ಲ. ಅದಕ್ಕೆ ಪ್ರತ್ಯೇಕ ಹಣ ಕಟ್ಟಬೇಕು. ಆದರೆ ಹಾಸ್ಟೆಲ್, ಬಸ್ಸು, ಬೆನ್ನಚೀಲಗಳ ನಡುವೆ ಓಡಾಡುವ ಲ್ಯಾಪ್‌ಟಾಪಿಗೆ ಹೆಚ್ಚಿನ ಭಯ ಇರುವುದೇ ಇವುಗಳಿಂದ!

ಬ್ಯಾಟರಿಯ ವಿಷಯವನ್ನೂ ಕೇಳಿ. ಅದು ಬಳಸಿದಷ್ಟೂ ಸವೆಯುವ ವಸ್ತು ಎಂದು ಅನೇಕ ಯೋಜನೆಗಳು ಅದನ್ನು ಹೊರಗಿಡುತ್ತವೆ. ಒಳಗಿರುವ ಟಿಪ್ಪಣಿ, ಪ್ರಾಜೆಕ್ಟ್‌ಗಳನ್ನಂತೂ ಯಾವ ವಾರಂಟಿಯೂ ಹಿಂದಿರುಗಿಸುವುದಿಲ್ಲ. ಅವುಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳುವುದು ವಿದ್ಯಾರ್ಥಿಯದೇ ಹೊಣೆ.

ಯೋಜನೆ ಕೊಡುತ್ತಿರುವವರು ಯಾರು ಎಂಬುದೂ ಮುಖ್ಯ. ತಯಾರಕರೋ, ಅಂಗಡಿಯವರೋ, ಮೂರನೆಯ ಯಾವುದೋ ಸಂಸ್ಥೆಯೋ? ಅಂಗಡಿ ಬಾಗಿಲು ಮುಚ್ಚಿದರೆ ಅದರ ಅಭಯಪತ್ರವೂ ಬರೀ ಕಾಗದ. ಮಗ ಓದುವ ಊರಿನಲ್ಲಿ ಸರ್ವಿಸ್ ಸೆಂಟರ್ ಉಂಟೆ? ಇಲ್ಲದಿದ್ದರೆ ರಿಪೇರಿಗೆಂದು ಬೆಂಗಳೂರಿಗೋ ಹುಬ್ಬಳ್ಳಿಗೋ ಓಡುವ ಬಸ್ ಚಾರ್ಜನ್ನೂ, ತಪ್ಪಿಹೋಗುವ ತರಗತಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ‘ಮೂರು ವರ್ಷ’ ಎಂದರೆ ಮೊದಲ ವರ್ಷವೂ ಸೇರಿಯೋ, ಅದು ಮುಗಿದ ಮೇಲೋ? ಇದನ್ನೂ ಬರವಣಿಗೆಯಲ್ಲಿ ನೋಡಿಕೊಳ್ಳಿ.

ಒಂದು ಸಣ್ಣ ಲೆಕ್ಕ

ಪಿಯುಸಿಯಲ್ಲಿ ಸಂಭವನೀಯತೆ ಓದಿದ ಮಕ್ಕಳಿಗೆ ಈ ಲೆಕ್ಕ ಒಪ್ಪಿಸಿ. ಯೋಜನೆಯ ಬೆಲೆ 6,000. ದೊಡ್ಡ ರಿಪೇರಿಗೆ 18,000 ತಗಲುತ್ತದೆ ಎನ್ನೋಣ. ಆ ಅವಧಿಯಲ್ಲಿ ಕೆಡುವ ಸಾಧ್ಯತೆ ಹತ್ತರಲ್ಲಿ ಒಂದಾದರೆ, ನಿರೀಕ್ಷಿತ ಖರ್ಚು 1,800 ರೂಪಾಯಿ ಮಾತ್ರ. ಕೊಟ್ಟ 6,000 ಸಮವಾಗಬೇಕಾದರೆ ಮೂರು ಲ್ಯಾಪ್‌ಟಾಪ್‌ಗಳಲ್ಲಿ ಒಂದು ಹೀಗೆ ಕೆಡಬೇಕು! ಮಾರುವವರಿಗೆ ಲಾಭ ಉಳಿಯಬೇಕಾದ್ದರಿಂದ, ಎಲ್ಲರ ಲೆಕ್ಕ ಒಟ್ಟು ಹಾಕಿದಾಗ ಕೊಂಡವರು ಕಟ್ಟುವುದೇ ಹೆಚ್ಚು.

ಇನ್ನೊಂದು ಸಂಗತಿ ಗಮನಿಸಿ. ಯಂತ್ರಗಳು ಕೆಡುವ ರೀತಿಯನ್ನು ಇಂಜಿನಿಯರುಗಳು ಸ್ನಾನದ ತೊಟ್ಟಿಯ ಆಕಾರದ ಗೆರೆಯಿಂದ ತೋರಿಸುತ್ತಾರೆ. ತಯಾರಿಕೆಯ ದೋಷವಿದ್ದರೆ ಮೊದಲ ತಿಂಗಳುಗಳಲ್ಲೇ ಬಯಲಾಗುತ್ತದೆ. ಆಗ ಮೂಲ ವಾರಂಟಿ ಇದ್ದೇ ಇರುತ್ತದೆ. ಬಳಿಕ ಕೆಲಕಾಲ ನೆಮ್ಮದಿ. ಕೊನೆಗೆ ವಯಸ್ಸಾದಂತೆ ಮತ್ತೆ ತೊಂದರೆ. ವಿಸ್ತರಿತ ವಾರಂಟಿ ಬಹುಮಟ್ಟಿಗೆ ಆವರಿಸುವುದು ನಡುವಿನ ಈ ನೆಮ್ಮದಿಯ ಕಾಲವನ್ನೇ.

ಆದರೆ ಸರಾಸರಿ ಲೆಕ್ಕವೇ ಎಲ್ಲವೂ ಅಲ್ಲ. ದಿಢೀರನೆ 18,000 ಹೊಂದಿಸುವುದು ನಿಮ್ಮ ಮನೆಗೆ ಸಾಧ್ಯವೆ? ಸಾಲ ಮಾಡಬೇಕಾದೀತು, ಮಗಳ ಓದು ನಿಂತೀತು ಎನ್ನುವ ಸ್ಥಿತಿಯಿದ್ದರೆ ಆ 6,000 ದಂಡವಲ್ಲ, ನೆಮ್ಮದಿಯ ಬೆಲೆ. ಬಿಡಿಭಾಗಗಳು ದುಬಾರಿಯಾದ, ನಾಲ್ಕು ವರ್ಷ ಓಡಲೇಬೇಕಾದ ಯಂತ್ರಕ್ಕೂ ಇದೇ ಮಾತು. ಹೊಂದಿಸಿಕೊಳ್ಳಬಲ್ಲವರು ಅಷ್ಟೇ ಹಣವನ್ನು ‘ರಿಪೇರಿ ನಿಧಿ’ ಎಂದು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇಡಬಹುದು. ಅದು ಬಿದ್ದು ಒಡೆದದ್ದಕ್ಕೂ ಆಗುತ್ತದೆ, ಬ್ಯಾಟರಿಗೂ ಆಗುತ್ತದೆ. ಏನೂ ಕೆಡದಿದ್ದರೆ ಬಡ್ಡಿ ಸಮೇತ ನಿಮ್ಮದೇ.

ಅವಸರವೇನೂ ಇಲ್ಲ

‘ಇವತ್ತು ಬಿಟ್ಟರೆ ಸಿಗೋದಿಲ್ಲ’ ಎಂಬ ಮಾತಿಗೆ ಮರುಳಾಗಬೇಡಿ. ಹಲವು ತಯಾರಕರು ಮೂಲ ವಾರಂಟಿ ಮುಗಿಯುವುದರೊಳಗೆ ಯಾವಾಗ ಬೇಕಾದರೂ ಇದನ್ನು ಕೊಳ್ಳಲು ಬಿಡುತ್ತಾರೆ. ಕೊನೆಯ ದಿನಾಂಕ ಯಾವುದೆಂದು ಕೇಳಿ ಬರೆದಿಟ್ಟುಕೊಳ್ಳಿ. ಹತ್ತು ತಿಂಗಳು ಬಳಸಿದ ಮೇಲೆ ಯಂತ್ರದ ಗುಣವೂ, ಮಗ ಅದನ್ನು ನೋಡಿಕೊಳ್ಳುವ ರೀತಿಯೂ ನಿಮಗೆ ಗೊತ್ತಾಗಿರುತ್ತದೆ. ಕಂತಿನಲ್ಲಿ ಕೊಳ್ಳುವವರು ಯೋಜನೆಯ ಹಣವನ್ನೂ ಸಾಲಕ್ಕೆ ಸೇರಿಸಿದ್ದಾರೆಯೆ ಎಂದು ನೋಡಬೇಕು. ಸೇರಿಸಿದ್ದರೆ ಅದಕ್ಕೂ ಬಡ್ಡಿ ಬಿದ್ದೀತು.

ಯೋಜನೆ ಕೊಂಡರೆ ಮಾತ್ರ ಲ್ಯಾಪ್‌ಟಾಪ್ ಕೊಡುತ್ತೇವೆ ಎನ್ನುವಂತಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇಂಥ ಷರತ್ತು ನಿರ್ಬಂಧಕ ವ್ಯಾಪಾರ ಪದ್ಧತಿ ಎನಿಸಿಕೊಳ್ಳುತ್ತದೆ. ಕೊಟ್ಟ ಮಾತು ತಪ್ಪಿದರೆ ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲುತ್ತದೆ, ವಕೀಲರು ಬೇಕೇ ಬೇಕೆಂದಿಲ್ಲ. ಆದರೆ ಬಿಲ್ಲು, ಯೋಜನೆಯ ಕಾಗದ ಎರಡೂ ಕೈಯಲ್ಲಿರಬೇಕು. ‘ಏನೇ ಆಗ್ಲಿ ನೋಡ್ಕೋತೀವಿ’ ಎಂಬ ಬಾಯಿಮಾತನ್ನು ರುಜುವಾತು ಮಾಡುವುದು ಕಷ್ಟ.

ಹೋದ ವರ್ಷ ಮಗನಿಗೆ ಲ್ಯಾಪ್‌ಟಾಪ್ ಕೊಳ್ಳುವಾಗಲೂ ಅಂಥದೇ ಕರಪತ್ರ ಮುಂದೆ ಬಂತು. ಈ ಸಲ ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ತಂದೆ. ರಾತ್ರಿ ಊಟವಾದ ಮೇಲೆ ಮಗಳು ಹಿಂಬದಿಯನ್ನು ಗಟ್ಟಿಯಾಗಿ ಓದಿದಳು, ಮಗ ಲೆಕ್ಕ ಹಾಕಿದ. ಕೊಳ್ಳುವುದು ಬೇಡವೆಂದು ತೀರ್ಮಾನವಾಯಿತು. 6,000 ರೂಪಾಯಿ ಅಂಚೆ ಕಚೇರಿಯ ಖಾತೆಯಲ್ಲಿದೆ. ಮಿಕ್ಕ ಸಾವಿರದಲ್ಲಿ ಒಳ್ಳೆಯ ಮೆತ್ತೆಯ ಚೀಲವೊಂದನ್ನು ಕೊಡಿಸಿದ್ದೇನೆ. ಲ್ಯಾಪ್‌ಟಾಪನ್ನು ಮಂಚದ ಮೇಲೆ ಬಿಡಬಾರದೆಂಬ ಷರತ್ತು ಹಾಕಿದವಳು ಮಾತ್ರ ಅವನ ಅಕ್ಕ.