ಹರಿದಾಡುವ ಹುಳು, ಅಡಗಿ ಕೂತ ಹುಳು

"ಕಣ್ಣಂಗೆ ಎಂತದೋ ಹರಿತ್ತ್ ಕಾಣಿ, ಡಾಕ್ಟ್ರೇ." ಕುಂದಾಪುರದ ಕಡೆಯ ತಾಯಿಯೊಬ್ಬಳು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು ಹೀಗೆ ಹೇಳಿದರೆ ಅದನ್ನು ಭ್ರಮೆಯೆಂದು ತಳ್ಳಿಹಾಕುವಂತಿಲ್ಲ. ಕಣ್ಣಿನ ಬಿಳಿಭಾಗದ ಮೇಲಿನ ತೆಳುಪೊರೆಯ ಅಡಿಯಲ್ಲಿ ಶ್ಯಾವಿಗೆಯ ಎಳೆಯಂಥ ಬಿಳಿ ಹುಳುವೊಂದು ಸುರುಳಿ ಬಿಚ್ಚಿಕೊಂಡು ಸರಿದಾಡುವುದು ನಮ್ಮ ಕರಾವಳಿಯಲ್ಲಿ ಅಪರೂಪವಾದರೂ ನಿಜ. ಕಣ್ಣು ಕೆಂಪಾಗಿರುತ್ತದೆ, ರೆಪ್ಪೆ ಊದಿರುತ್ತದೆ, ತುರಿಕೆ ಇರುತ್ತದೆ. ಮರುದಿನ ನೋಡಿದರೆ ಏನೂ ಇಲ್ಲ. ಹುಳು ಜಾಗ ಬದಲಿಸಿರುತ್ತದೆ, ಅಷ್ಟೆ. ಹಾಗಾಗಿ ಕಂಡ ಕೂಡಲೇ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳುವುದು ವೈದ್ಯರಿಗೆ ದೊಡ್ಡ ಉಪಕಾರ.

ಈ ಹುಳುವಿನ ಹೆಸರು ಡೈರೊಫೈಲೇರಿಯಾ ರೆಪೆನ್ಸ್. ಅಸಲಿಗೆ ಇದು ನಾಯಿಯ ಹುಳು, ನಾಯಿಯ ಚರ್ಮದ ಅಡಿಯಲ್ಲಿ ಬಾಳುವಂಥದ್ದು. ಅದು ಹೆತ್ತ ಸೂಕ್ಷ್ಮ ಮರಿಗಳು ನಾಯಿಯ ರಕ್ತದಲ್ಲಿ ತೇಲುತ್ತಿರುತ್ತವೆ. ಆ ನಾಯಿಯನ್ನು ಕಚ್ಚಿದ ಸೊಳ್ಳೆಯ ಮೈಯಲ್ಲಿ ಅವು ಕೆಲವು ದಿನ ಬೆಳೆದು, ಮುಂದಿನ ಕಡಿತದಲ್ಲಿ ಹೊರಗೆ ಬರುತ್ತವೆ. ಆ ಕಡಿತ ಇನ್ನೊಂದು ನಾಯಿಗೆ ಬಿದ್ದರೆ ಹುಳುವಿನ ಸಂಸಾರ ಮುಂದುವರಿಯುತ್ತದೆ. ಅಂಗಳದಲ್ಲಿ ಆಡುವ ಮಗುವಿಗೆ ಬಿದ್ದರೆ ಹುಳು ದಾರಿ ತಪ್ಪಿದಂತೆ. ಮನುಷ್ಯನ ಮೈಯಲ್ಲಿ ಅದು ಸಾಮಾನ್ಯವಾಗಿ ಒಂಟಿ, ಜೊತೆಯಿಲ್ಲ, ಸಂತಾನವಿಲ್ಲ. ಆದ್ದರಿಂದ ರಕ್ತ ಪರೀಕ್ಷೆಯಲ್ಲಿ ಮರಿಗಳು ಸಿಗುವುದೂ ಇಲ್ಲ. ತಿಂಗಳುಗಟ್ಟಲೆ ಅಲೆದು ಕೆಲವರಲ್ಲಿ ಚರ್ಮದ ಗಂಟಾಗಿ ಕೂರುತ್ತದೆ, ಕೆಲವರಲ್ಲಿ ಕಣ್ಣಿಗೆ ಬರುತ್ತದೆ. ಭಾರತದಲ್ಲಿ ಇಂಥ ವರದಿಗಳು ಹೆಚ್ಚು ಬಂದಿರುವುದು ಕೇರಳದಿಂದ. ನಮ್ಮ ಕಡೆ ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ವೈದ್ಯರು ಚರ್ಮದಡಿಯ ಎರಡು ಪ್ರಕರಣಗಳನ್ನು 2011ರಲ್ಲಿ ಪ್ರಕಟಿಸಿದ್ದಾರೆ.

ಕುಂದಾಪುರದ ಬಳಿಯ ಗುಲ್ವಾಡಿಯಂಥ ಊರಿನಲ್ಲಿ ಇದಕ್ಕೆ ಬೇಕಾದದ್ದೆಲ್ಲ ಕೈಯಳತೆಯಲ್ಲೇ ಇದೆ. ಮಳೆಗಾಲದಲ್ಲಿ ನೀರು ನಿಂತ ಗದ್ದೆ, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಹಿತ್ತಲಲ್ಲಿ ಮಗುಚಿ ಹಾಕದ ತೆಂಗಿನ ಕರಟ, ಜಗಲಿಯ ಮೆಟ್ಟಿಲ ಕೆಳಗೆ ಮಲಗಿದ ನಾಯಿ. ಮಲೇರಿಯಾ, ಡೆಂಗಿ ಅಂತ ನಾವು ಸೊಳ್ಳೆಗೆ ಹೆದರುವುದು ಸರಿ. ಈ ಹುಳುವಿನ ಲೆಕ್ಕವೂ ಅದೇ ಖಾತೆಗೆ ಸೇರುತ್ತದೆ.

ನೋಡಲು ಇಷ್ಟು ಭಯ ಹುಟ್ಟಿಸುವ ಈ ಹುಳುವಿನ ಚಿಕಿತ್ಸೆ ಮಾತ್ರ ಸರಳ. ಪೊರೆಯನ್ನು ಸಣ್ಣದಾಗಿ ಕತ್ತರಿಸಿ, ಚಿಮುಟದಲ್ಲಿ ಹಿಡಿದು ಇಡಿಯಾಗಿ ಹೊರಗೆಳೆಯುತ್ತಾರೆ. ಹತ್ತು ಸೆಂಟಿಮೀಟರಿಗೂ ಉದ್ದದ ಹುಳು ಹೊರಬಂದದ್ದುಂಟು. ಬಹುಪಾಲು ಮಂದಿಗೆ ಆಮೇಲೆ ಮಾತ್ರೆಯ ಅಗತ್ಯವೂ ಬೀಳುವುದಿಲ್ಲ, ದೃಷ್ಟಿಗೂ ಧಕ್ಕೆಯಿಲ್ಲ. ಮನೆಯಲ್ಲಿ ಎದೆಹಾಲು, ನಂದಿಬಟ್ಟಲ ಹೂವಿನ ರಸ ಹಿಂಡಿ ದಿನ ಕಳೆಯುವುದರಿಂದ ಹುಳು ಹೊರಬರುವುದಿಲ್ಲ. ಕಣ್ಣಿಗೆ ಬೇರೆ ಸೋಂಕು ತಗುಲೀತು.

ನಿಜವಾಗಿ ಹೆದರಬೇಕಾದದ್ದು ಕಣ್ಣಿಗೆ ಕಾಣದ ಇನ್ನೊಂದು ಹುಳುವಿಗೆ. ಟಾಕ್ಸೊಕಾರಾ ಕೇನಿಸ್ ನಾಯಿಯ ಕರುಳಿನ ಹುಳು. ನಾಯಿಕುನ್ನಿಗಳಿಗೆ ಇದು ತಾಯಿಯ ಗರ್ಭದಲ್ಲೇ ಅಂಟುತ್ತದೆ. ಮುದ್ದಾದ ಕುನ್ನಿಯ ಹೇಲಿನಲ್ಲಿ ಮೊಟ್ಟೆಗಳು ರಾಶಿರಾಶಿ ಬೀಳುತ್ತವೆ. ಬಿದ್ದ ಕೂಡಲೇ ಅವು ಅಪಾಯವಲ್ಲ. ತೇವದ ಮಣ್ಣಿನಲ್ಲಿ ಎರಡು ಮೂರು ವಾರ ಕಳೆದ ಮೇಲೆ ಸೋಂಕು ತರುವ ಹಂತಕ್ಕೆ ಬರುತ್ತವೆ. ಕುನ್ನಿಯನ್ನು ಮುಟ್ಟುವುದಕ್ಕಿಂತ ಅದು ಓಡಾಡಿದ ಮಣ್ಣಿನ ಬಗ್ಗೆಯೇ ಎಚ್ಚರ ಹೆಚ್ಚು ಬೇಕು. ಮಣ್ಣಾಡಿದ ಕೈ ಬಾಯಿಗೆ ಹೋದರೆ ಮೊಟ್ಟೆ ಒಡೆದು, ಅರ್ಧ ಮಿಲಿಮೀಟರೂ ಇಲ್ಲದ ಮರಿಹುಳು ರಕ್ತದ ಜೊತೆ ಸಂಚಾರ ಹೊರಡುತ್ತದೆ. ಮನುಷ್ಯನ ಹೊಟ್ಟೆಯಲ್ಲಿ ಅದು ಬೆಳೆದು ದೊಡ್ಡದಾಗುವುದೇ ಇಲ್ಲ, ಹಾಗಾಗಿ ಮಲಪರೀಕ್ಷೆಯಲ್ಲಿ ಸಿಗದು. ಒಂದೇ ಒಂದು ಮರಿ ಕಣ್ಣಿನ ಒಳಪರದೆಗೆ ತಲುಪಿದರೆ ಸಾಕು, ಅಲ್ಲಿ ಉರಿಯೂತದ ಗಂಟು ಕಟ್ಟುತ್ತದೆ.

ಇದು ಪತ್ತೆಯಾದ ಬಗೆ ಕರುಳು ಹಿಂಡುವಂಥದ್ದು. ಅಮೆರಿಕದ ನೇತ್ರ ರೋಗಶಾಸ್ತ್ರಜ್ಞೆ ಹೆಲೆನರ್ ಕ್ಯಾಂಪ್‌ಬೆಲ್ ವೈಲ್ಡರ್ 1950ರಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಿದ್ದ ಮಕ್ಕಳ 46 ಕಣ್ಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಹೆಚ್ಚಿನವನ್ನು ಕ್ಯಾನ್ಸರ್ ಗಡ್ಡೆಯ ಶಂಕೆಯಿಂದ ತೆಗೆಯಲಾಗಿತ್ತು. 24 ಕಣ್ಣುಗಳಲ್ಲಿ ಅವರಿಗೆ ಸಿಕ್ಕಿದ್ದು ಹುಳುವಿನ ಮರಿ ಅಥವಾ ಅದರ ಅವಶೇಷ. ಅದು ನಾಯಿಯ ಹುಳುವೆಂದು ಗೊತ್ತಾಗಲು ಮತ್ತೆ ಕೆಲವು ವರ್ಷ ಹಿಡಿಯಿತು.

ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳು ನಿವಾರಣಾ ದಿನ ಕೊಡುವ ಆಲ್ಬೆಂಡಜೋಲ್ ಮಾತ್ರೆ ಮಗುವಿನ ಕರುಳಿನ ಹುಳುಗಳಿಗೆಂದು ಇರುವುದು. ಅದನ್ನು ತಪ್ಪಿಸಬಾರದು, ಆದರೆ ಕಣ್ಣಿಗೆ ಅದೇ ರಕ್ಷೆಯೆಂದು ನಂಬಿಕೊಂಡು ಕೂರಲೂಬಾರದು. ಇಲ್ಲಿ ಔಷಧಿ ಮೊದಲು ಬೀಳಬೇಕಾದದ್ದು ಕುನ್ನಿಯ ಬಾಯಿಗೆ. ಹುಟ್ಟಿದ ಎರಡನೇ ವಾರದಿಂದಲೇ ಪಶುವೈದ್ಯರನ್ನು ಕೇಳಿ ಹುಳುವಿನ ಮದ್ದು ಶುರು ಮಾಡಬೇಕು. ಕುನ್ನಿಗೆ ಹೆಸರಿಡಲು ತೋರುವ ಉತ್ಸಾಹ ಇದಕ್ಕೆ ಕಾಣುವುದಿಲ್ಲ.

ಕೆರೆ, ಮದಗಗಳಲ್ಲಿ ಈಜುವ ಮಕ್ಕಳ ವಿಚಾರವನ್ನೂ ಹೇಳಿಬಿಡಬೇಕು. ತಮಿಳುನಾಡಿನಲ್ಲಿ ಊರ ಕೆರೆಗೆ ಇಳಿದ ಮಕ್ಕಳ ಕಣ್ಣಲ್ಲಿ ಗಂಟುಗಳು ಕಾಣಿಸಿಕೊಂಡಾಗ ಮದುರೈಯ ಅರವಿಂದ್ ಕಣ್ಣಾಸ್ಪತ್ರೆಯ ವೈದ್ಯರು ಬೆನ್ನುಹತ್ತಿ, ಸಿಹಿನೀರಿನ ಬಸವನಹುಳುಗಳಿಂದ ಹೊರಬರುವ ಚಪ್ಪಟೆ ಹುಳುವಿನ ಮರಿಗಳವರೆಗೆ ಜಾಡು ಹಿಡಿದರು. ಮಕ್ಕಳು ನೀರಿಗಿಳಿದ ಕೆಲ ದಿನಗಳಲ್ಲಿ ಕಣ್ಣಲ್ಲಿ ಗಂಟು, ನೋವು, ಕೆಂಪು ಕಂಡರೆ ಕೆರೆಯ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ.

ಮತ್ತೆ ನಾಯಿಯ ಹುಳುವಿಗೆ ಬಂದರೆ, ಟಾಕ್ಸೊಕಾರಾ ಬಹುತೇಕ ಒಂದೇ ಕಣ್ಣಿಗೆ ಬರುತ್ತದೆ. ಇನ್ನೊಂದು ಚೆನ್ನಾಗಿ ಕಾಣುತ್ತಿರುವುದರಿಂದ ಮಗು ದೂರುವುದೇ ಇಲ್ಲ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ ಗೋಡೆಯ ಕ್ಯಾಲೆಂಡರಿನ ಅಂಕಿ ಓದಿಸಿ, ಆಮೇಲೆ ಮತ್ತೊಂದನ್ನು ಮುಚ್ಚಿಸಿ. ಒಂದರಲ್ಲಿ ಮಂಜಾದರೆ, ಹೊಸದಾಗಿ ಮೆಳ್ಳೆಗಣ್ಣಾದರೆ, ಪಾಪೆಯಲ್ಲಿ ಬೆಳ್ಳಗಿನ ಹೊಳಪು ಕಂಡರೆ ಕುಂದಾಪುರದಲ್ಲೋ ಮಣಿಪಾಲದಲ್ಲೋ ಕಣ್ಣಿನ ವೈದ್ಯರಿಗೆ ತಡಮಾಡದೆ ತೋರಿಸಿ. ಬಿಳಿ ಪಾಪೆ ಹುಳುವಿನಿಂದಲೂ ಆಗಬಹುದು, ರೆಟಿನೊಬ್ಲಾಸ್ಟೊಮಾ ಎಂಬ ಕ್ಯಾನ್ಸರಿನಿಂದಲೂ ಆಗಬಹುದು. ಎರಡನ್ನೂ ಹೊರಗಿನಿಂದ ನೋಡಿ ಬೇರ್ಪಡಿಸಲು ಬರುವುದಿಲ್ಲ, ಎರಡನೆಯದು ಜೀವಕ್ಕೇ ಕುತ್ತು.